ಕಾಗದದ ಪಟ್ಟಿಯ ಕೆಳಗೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಇರಲಿ, ಹೇಳಿಕೊಳ್ಳಲಿ. ಆದರೆ ಆ ಸಿಟ್ಟಿನ ಭರದಲ್ಲಿ ಒಂದು ದಿನ ಗೋಂದಿನ ಬಾಟಲಿ ತೆಗೆದುಕೊಂಡು ಮಕ್ಕಳ ಚಿತ್ರಪುಸ್ತಕವೊಂದರ ಮೇಲೆ ಗೇಣುದ್ದದ ಬಿಳಿ ಕಾಗದ ಅಂಟಿಸಿಬಿಟ್ಟೆನಲ್ಲ, ಅದು ಸರಿಯೋ ತಪ್ಪೋ ಎಂಬುದು ನನಗೆ ಬಹಳ ದಿನ ತಿಳಿಯಲೇ ಇಲ್ಲ. ತಪ್ಪು ಎಂದು ತಿಳಿದ ಮೇಲೂ ಎಲ್ಲಿಂದ ಎಲ್ಲಿಯವರೆಗೆ ತಪ್ಪು ಎಂದು ಈಗಲೂ ಗೆರೆ ಎಳೆದು ಹೇಳಲಾರೆ.

ಹಳೇಬೀಡಿನ ಹತ್ತಿರದ ಒಂದು ಊರಿನಲ್ಲಿ ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹುದ್ದೆಯ ಹೆಸರು ಉದ್ದ, ಕೋಣೆ ಗಿಡ್ಡ. ಬಾಗಿಲಿಗೆ ಮೂರು ಮೆಟ್ಟಿಲು, ಒಳಗೆ ಎರಡು ಮೇಜು, ನಾಲ್ಕು ಕಬ್ಬಿಣದ ಬೀರು, ಬೆಳಿಗ್ಗೆ ಪೇಪರ್ ಓದಲು ಬರುವ ಮೂರು ನಾಲ್ಕು ಜನ ಹಿರಿಯರು. ಮನೆ ಹಳೇಬೀಡಿನಲ್ಲೇ ಆದ್ದರಿಂದ ಮಾದಿಹಳ್ಳಿ ಕಡೆಯ ಬಸ್ಸು ಹಿಡಿದು ಹೋಗುತ್ತೇನೆ. ನಾನು ಹತ್ತುತ್ತಿದ್ದ ಹಾಗೇ ಕಂಡಕ್ಟರ್ "ಕಾಲಿಲ್ದೋರು ಬಂದ್ರು, ಸೀಟ್ ಬಿಡ್ರಪ್ಪಾ" ಎಂದು ಕೂಗುತ್ತಾನೆ. "ಇದಾವೆ ಕಣಯ್ಯ, ಎರಡೂ ಇದಾವೆ, ಬೇಕಾದ್ರೆ ಎಣಿಸ್ಕೋ" ಎಂದು ನಾನೂ ದಿನಾ ಹೇಳುತ್ತೇನೆ. ಅವನೂ ನಗುತ್ತಾನೆ. ಸೀಟಂತೂ ಸಿಗುತ್ತದೆ.

ನನ್ನ ಎಡಗಾಲು ನಾನು ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಸೊರಗಿದ್ದು. ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ಎರಡು ಬೆರಳು ದಪ್ಪ. ಈ ಕಾಲಿಗೆ ಸರ್ಕಾರದ ಕಾಗದಗಳಲ್ಲಿ ಎಷ್ಟೆಷ್ಟು ಹೆಸರು ಬಂತು ಅಂತೀರಿ! ಮೊದಲು ಅಂಗವಿಕಲೆ ಎಂದಿದ್ದರು, ಆಮೇಲೆ ವಿಕಲಚೇತನೆ ಎಂದರು, ಆಮೇಲೆ ವಿಶೇಷಚೇತನೆ ಎಂದರು, ಈಗ ದಿವ್ಯಾಂಗ ಎನ್ನುತ್ತಾರೆ. ಪ್ರತಿ ಸಲ ಹೊಸ ಹೆಸರು ಬಂದಾಗ ನಾನು ಫೋಟೊ ಅಂಟಿಸಿ ಹೊಸ ಅರ್ಜಿ ಕೊಟ್ಟಿದ್ದೇನೆ. ಕಾಲು ಮಾತ್ರ ಅದೇ ಹಳೆಯದು.

ನಮ್ಮ ಮನೆಯಲ್ಲಿ ಇವು ಯಾವುವೂ ಇರಲಿಲ್ಲ. ಅರಸೀಕೆರೆ ಪೇಟೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಬಂದವರು ನನ್ನ ಕಾಲು ನೋಡಿ ಕಣ್ಣು ಹೊರಳಿಸಿದರೆ ನನ್ನ ತಾಯಿ ಮೆಲ್ಲಗೆ, "ಹುಡುಗಿ ಕಾಲು ಸ್ವಲ್ಪ ಇದು" ಎನ್ನುತ್ತಿದ್ದಳು. ಇದು ಎಂದರೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ತಿಳಿದಿತ್ತು, ಯಾರೂ ಹೇಳುತ್ತಿರಲಿಲ್ಲ. 'ಕುಂಟು' ಎಂಬ ಶಬ್ದ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪ ಯಾರೋ ಗಿರಾಕಿಯ ಮೇಲೆ ರೇಗಿ "ಕುಂಟು ನೆಪ ಹೇಳ್ತಾನೆ" ಎಂದುಬಿಟ್ಟರೆ ಅಮ್ಮ ಒಳಗಿನಿಂದ ಕೆಮ್ಮುವಳು. ಅಪ್ಪ ತಕ್ಷಣ "ಸುಳ್ಳು ನೆಪ" ಎಂದು ತಿದ್ದಿಕೊಳ್ಳುವರು. ಕಣಕಟ್ಟೆ ಕಡೆಯ ತೋಟದವರೊಬ್ಬರು ಕಾಯಿ ತಂದಾಗ, ಹೊಲಕ್ಕೆ ಕುಂಟೆ ಹೊಡೆಯುವ ಕೆಲಸ ಬಾಕಿ ಇದೆ ಎಂದರು. ಪಾಪ, ಅದು ಕಳೆ ತೆಗೆಯುವ ಸಾಮಾನು! ಅಮ್ಮ ಆ ಮನುಷ್ಯನಿಗೆ ಅವತ್ತು ಕಾಫಿಯನ್ನೇ ಕೊಡಲಿಲ್ಲ. ಅವರಿಗೆ ಯಾಕೆಂದು ಕೊನೆಗೂ ಗೊತ್ತಾಗಿರಲಾರದು.

ಹೀಗಿರುವಾಗ ನಮ್ಮ ಅಂಗಳದಲ್ಲಿ ಕುಂಟೆಬಿಲ್ಲೆ ಆಡುವುದೆಂದರೆ? ಬೀದಿಯ ಹುಡುಗಿಯರು ನೆಲದ ಮೇಲೆ ಮನೆ ಬರೆದು, ಹೆಂಚಿನ ಚೂರು ಎಸೆದು, ಒಂದು ಕಾಲೆತ್ತಿ ಕುಂಟುತ್ತಾ ಮನೆಮನೆ ದಾಟುವ ಆಟ. ಅಮ್ಮ ಅವರನ್ನೆಲ್ಲ ಪಕ್ಕದ ಮನೆಯ ಅಂಗಳಕ್ಕೆ ಓಡಿಸಿದಳು. ನಾನು ಕಾಂಪೌಂಡಿಗೆ ಗಲ್ಲ ಊರಿ ನೋಡುತ್ತಿದ್ದೆ. ನನ್ನ ಬಲಗಾಲು ಗಟ್ಟಿಮುಟ್ಟಾಗಿತ್ತು. ಆಡಿದ್ದರೆ ಅವರನ್ನೆಲ್ಲ ಸೋಲಿಸುತ್ತಿದ್ದೆ, ಈಗಲೂ ಹೇಳುತ್ತೇನೆ. ಒಂದು ಮಧ್ಯಾಹ್ನ ಕಾಯಿ ಒಣಗಲು ಹರಡಿದ್ದ ಅಟ್ಟ ಹತ್ತಿ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಒಬ್ಬಳೇ ಕುಂಟಿದೆ. ಎರಡು ಮನೆ ದಾಟಿದೆ. ಮೂರನೆಯದಕ್ಕೆ ಹಾರಿದಾಗ ತೆಂಗಿನಕಾಯಿಗಳು ಗಡಗಡ ಉರುಳಿದವು. ಅಮ್ಮ ಏಣಿ ಹತ್ತಿ ಬಂದವಳೇ, "ಏನೇ ಇದು, ನೀನೂ ಕುಂ..." ಎಂದು ಅರ್ಧಕ್ಕೇ ನುಂಗಿಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಅವಳು ಅತ್ತದ್ದು ಯಾಕೆಂದೇ ತಿಳಿಯಲಿಲ್ಲ. ನಾನು ಗೆಲ್ಲುತ್ತಿದ್ದೆನಲ್ಲ!

ಮನೆಯೊಳಗೆ ನುಂಗಿದ ಮಾತನ್ನು ಬೀದಿಯಲ್ಲಿ ಉಗುಳುವವರು ಬೇಕಾದಷ್ಟು ಜನ ಇದ್ದರು. ಶಾಲೆಗೆ ಹೋಗುವಾಗ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ದಾಟಬೇಕಿತ್ತು. ಅಲ್ಲಿ ಮೆಟ್ಟಿಲಿಗೊಂದರಂತೆ ಹಿಂದಿನಿಂದ "ಕುಂಟೀ, ಕುಂಟೀ" ಎಂದು ತಾಳ ಹಾಕುವರು. ಒಮ್ಮೆ ತಿರುಗಿ ಟಿಫಿನ್ ಡಬ್ಬಿ ಬೀಸಿ ಒಗೆದೆ. ಒಬ್ಬಳ ಹಣೆ ಊದಿತು, ನನ್ನ ಚಿತ್ರಾನ್ನ ರೈಲು ಹಳಿಗೆ ಬಿತ್ತು. ಅವತ್ತು ಶುರುವಾದ ಸಿಟ್ಟು ಇದು. ಈಗ ಐವತ್ತು ದಾಟಿದ್ದೇನೆ, ಆ ಎರಡು ಅಕ್ಷರ ಎಲ್ಲಿ ಕಿವಿಗೆ ಬಿದ್ದರೂ ಕೈ ಡಬ್ಬಿಯನ್ನೇ ಹುಡುಕುತ್ತದೆ. ನನ್ನ ಬಾಯಿಂದಂತೂ ಆ ಶಬ್ದ ಒಮ್ಮೆಯೂ ಹೊರಬಿದ್ದಿರಲಿಲ್ಲ.

ಇಷ್ಟು ಹೇಳಿದ್ದು ನಮ್ಮ ಗ್ರಂಥಾಲಯಕ್ಕೆ ಬರುತ್ತಿದ್ದ ಒಂದು ಹುಡುಗಿಯ ಕಥೆ ಹೇಳಲಿಕ್ಕೆ. ಮೂರನೇ ಕ್ಲಾಸು. ಹುಟ್ಟುವಾಗಲೇ ಅವಳ ಬಲಗಾಲು ಮೊಣಕಾಲಿನ ಕೆಳಗೆ ಬೆಳೆದಿರಲಿಲ್ಲ. ಹಾಸನದ ಯಾವುದೋ ಶಿಬಿರದಲ್ಲಿ ಕೊಟ್ಟ ಕೃತಕ ಕಾಲು ಇತ್ತು. ಹುಡುಗಿ ಬೆಳೆಯುತ್ತಿದ್ದಳು, ಕಾಲು ಬೆಳೆಯುತ್ತಿರಲಿಲ್ಲ. ಹಾಗಾಗಿ ಅದು ಬಿಗಿಯಾಗಿ ಕಚ್ಚುತ್ತಿತ್ತು. ಹೊಸದಕ್ಕೆ ಅಳತೆ ಕೊಟ್ಟು ಬಂದು ಕಾಯುತ್ತಿದ್ದರು. ಮೊದಲ ದಿನ ಅವಳ ಅಜ್ಜಿ ಅವಳನ್ನು ಮೆಟ್ಟಿಲ ಬಳಿ ಬಿಟ್ಟು ಹಸುವಿಗೆ ಹುಲ್ಲು ತರಲು ಹೋದಳು. ಹುಡುಗಿ ಬಾಗಿಲಲ್ಲಿ ಕೂತು ಪಟಪಟ ಪಟ್ಟಿ ಬಿಚ್ಚಿ, ಕಾಲನ್ನೇ ತೆಗೆದು ಚಪ್ಪಲಿಗಳ ಸಾಲಿನಲ್ಲಿ ಇಟ್ಟು, ಒಂದೇ ಕಾಲಲ್ಲಿ ಹಾರಿಕೊಂಡು ಒಳಗೆ ಬಂದಳು. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು "ಶಿವಶಿವಾ" ಎಂದು ಕನ್ನಡಕ ತೆಗೆದರು.

"ಹಾಕ್ಕೊಂಡೇ ಬಾರೇ" ಎಂದೆ.

"ಬೂಟು ಹೊರ್ಗಡೆ ಬಿಡ್ಬೇಕು ಅಂತ ಬರ್ದೈತಲ್ಲ ಮಿಸ್. ಬೂಟು ಕಾಲಿಗೇ ಅಂಟ್ಕೊಂಡೈತೆ. ಅದ್ಕೇ ಕಾಲೇ ಬಿಟ್ಟೆ."

ಆ ಬೋರ್ಡು ಬರೆಸಿದವಳು ನಾನೇ. ಅವತ್ತಿನಿಂದ ಸಂಜೆ ಸ್ಕೂಲು ಬಿಟ್ಟ ಮೇಲೆ ನಮ್ಮ ಬಾಗಿಲಲ್ಲಿ ಹವಾಯಿ ಚಪ್ಪಲಿಗಳ ಮಧ್ಯೆ ಒಂದು ಕಾಲು ನಿಂತಿರುತ್ತಿತ್ತು. ಮಿಕ್ಕ ಮಕ್ಕಳಿಗೆ ಅದು ಎರಡೇ ದಿನಕ್ಕೆ ಹಳೆಯದಾಯಿತು. ಅವಳು ಬೀರುವಿನಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಹಾರಾಡುತ್ತಿದ್ದಳು. ಇಷ್ಟು ಹಗುರವಾಗಿ ಇರಬಹುದೇ ಎಂದು ನನಗೆ ಹೊಟ್ಟೆಕಿಚ್ಚು, ನಿಜವಾಗಿ.

ಆ ಸಲ ಬೇಲೂರಿಗೆ ಮೀಟಿಂಗಿಗೆ ಹೋದಾಗ ಮಕ್ಕಳ ಪುಸ್ತಕದ ಒಂದು ಪೆಟ್ಟಿಗೆ ಕೊಟ್ಟರು. ಕಾಲಿಲ್ಲದ, ಕೈಯಿಲ್ಲದ, ಗಾಲಿಕುರ್ಚಿಯ ಮಕ್ಕಳ ಬಗ್ಗೆ ಬರೆದ ಚಿತ್ರಪುಸ್ತಕಗಳು ಅದರಲ್ಲಿ ಕೆಲವಿದ್ದವು. ನಾನು ಚಿಕ್ಕವಳಿದ್ದಾಗ ಅಂಥ ಒಂದೂ ಪುಸ್ತಕ ಕಂಡಿರಲಿಲ್ಲ. ಬಸ್ಸಿನಲ್ಲೇ ಹಗ್ಗ ಬಿಚ್ಚಿ ಓದಲು ಕೂತೆ, ಹಳೇಬೀಡು ಬರುವಷ್ಟರಲ್ಲಿ ತಲೆ ಕೆಟ್ಟಿತು. ಒಂದರಲ್ಲಿ ಊರುಗೋಲಿನ ಹುಡುಗ ಬೆಂಕಿ ಬಿದ್ದ ಊರನ್ನೇ ಉಳಿಸುತ್ತಾನೆ. ಅಲ್ಲರೀ, ನಮ್ಮಂಥವರು ಯಾರನ್ನಾದರೂ ಉಳಿಸಿದರೇನೇ ಪುಸ್ತಕಕ್ಕೆ ಸೇರಿಸಿಕೊಳ್ಳುವುದೋ? ಇನ್ನೊಂದರಲ್ಲಿ ಹುಡುಗಿಯ ಗಾಲಿಕುರ್ಚಿಗೆ ರೆಕ್ಕೆ ಬರುತ್ತದೆ. ಮತ್ತೊಂದರಲ್ಲಿ ಎಲ್ಲರೂ ಸೇರಿ "ನೀನೂ ನಮ್ಮ ಹಾಗೇ" ಎಂದು ಹಾಡುತ್ತಾರೆ. ಹಾಗೇ ಅಂದರೆ ಹೇಗೆ? ನಾನು ಯಾರ ಹಾಗೂ ಇಲ್ಲ! ಹಾಗೆಂದು ಪುಸ್ತಕಗಳು ಬೇಡವೇ ಎಂದರೆ, ಬೇಕು. ಬಣ್ಣದ ಹಾಳೆಯಲ್ಲಿ ಒಂದು ಸೊರಗಿದ ಕಾಲು ಕಂಡಾಗ ನನಗೆ ಕಣ್ಣು ತುಂಬಿತ್ತು. ಸಿಟ್ಟು ಬರಬೇಕೋ ಖುಷಿಯಾಗಬೇಕೋ ಗೊತ್ತಾಗದೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತೆ.

ಹುಡುಗಿಗೆ ಆ ಗೊಂದಲ ಇರಲಿಲ್ಲ. ಗಾಲಿಕುರ್ಚಿಯ ಪುಸ್ತಕ ನೋಡಿ, "ಈ ಗಾಡಿ ನಮ್ಮನೆ ಬಾಗ್ಲಲ್ಲಿ ತೂರಲ್ಲ ಮಿಸ್" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇವ್ಳು ಕಕ್ಕಸ್ಸಿಗೆ ಹೆಂಗೆ ಹೋಗ್ತಾಳೆ? ಅದೇ ಬರ್ದಿಲ್ವಲ್ಲ" ಎಂದಳು. ಬರೆದವರು ಅಷ್ಟೆಲ್ಲ ಯೋಚಿಸಿಲ್ಲ ಎಂದೆ. "ಅದೇ ಫಸ್ಟು ಬರೀಬೇಕಿತ್ತು" ಎಂದು ಪುಟ ತಿರುವಿದಳು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ತೆಳ್ಳನೆಯ ಪುಸ್ತಕವಿತ್ತು. ಮೊಣಕಾಲಿನ ಕೆಳಗೆ ಒಂದು ಕಾಲಿಲ್ಲದ ಹುಡುಗಿ, ಥೇಟ್ ನಮ್ಮ ಹುಡುಗಿಯ ಹಾಗೇ ಎರಡು ಜಡೆ. ಇದನ್ನೇ ಅವಳಿಗೆ ಕೊಡೋಣ ಎಂದು ಮರುದಿನ ಬೆಳಿಗ್ಗೆ ರಿಜಿಸ್ಟರಿಗೆ ಹತ್ತಿಸುವಾಗ ನಡುಪುಟ ತೆರೆದೆ. ಆ ಹುಡುಗಿ ನಡುವೆ ನಿಂತಿದ್ದಾಳೆ. ಸುತ್ತ ಮಕ್ಕಳು ಬಾಯಿ ಅಗಲಿಸಿ ನಗುತ್ತಿದ್ದಾರೆ. ಪುಟದ ಕೆಳಗೆ, ಅವರ ಕಾಲುಗಳ ಮಧ್ಯೆ ಕುಣಿಯುವಂತೆ ಬರೆದ ದಪ್ಪ ಅಕ್ಷರ: "ಕುಂಟಿ... ಕುಂಟಿ..."

ಮೇಲ್ಸೇತುವೆಯ ಮೆಟ್ಟಿಲೇ ಕಣ್ಣ ಮುಂದೆ ಬಂತು. ಥೂ, ಇದನ್ನೂ ಮಕ್ಕಳ ಪುಸ್ತಕ ಅಂತ ಅಚ್ಚು ಹಾಕಿಸಿದ್ದಾರಲ್ಲ! ಮುಂದಿನ ಪುಟ ತಿರುವಿದೆ. "ಮನೆ ದಾಟಿದರು ಎಲ್ಲರೂ" ಎಂದಿತ್ತು. ಮಕ್ಕಳು ಆಚೆ ದೂರದ ಮರದ ಕೆಳಗೆ, ಹುಡುಗಿ ಈಚೆ ಒಬ್ಬಳೇ. ಅಣಕಿಸಿದ್ದಲ್ಲದೆ ಬಿಟ್ಟೂ ಹೋದರು! ಅಷ್ಟೇ, ಮುಂದೆ ಓದಲಿಲ್ಲ. ಪುಸ್ತಕ ರಿಜಿಸ್ಟರಿಗೆ ಹತ್ತಿಸಿ ಆಗಿತ್ತು, ವಾಪಸ್ಸು ಕಳಿಸಿದರೆ ಹತ್ತು ಪ್ರಶ್ನೆ. ಬಿಳಿ ಕಾಗದ ಕತ್ತರಿಸಿ, ಗೋಂದು ಬಳಿದು, ಪುಟದ ಕೆಳಭಾಗಕ್ಕೆ ಅಂಟಿಸಿದೆ. ಅಕ್ಷರದ ಜೊತೆಗೆ ಮಕ್ಕಳ ಕಾಲುಗಳೂ ಮುಚ್ಚಿಹೋದವು. ಕೆಲಸ ಮುಗಿದ ಮೇಲೆ ಎದೆ ಹಗುರವಾಯಿತು.

ಎರಡು ಜಡೆ ನೋಡಿ ಹುಡುಗಿ ಆ ಪುಸ್ತಕವನ್ನೇ ಎತ್ತಿಕೊಂಡಳು. ಬೆರಳಿಟ್ಟು ಓದುತ್ತ ಓದುತ್ತ ಆ ಪುಟಕ್ಕೆ ಬಂದಳು. ಉಗುರಿನಲ್ಲಿ ಪಟ್ಟಿಯ ಅಂಚು ಕೆರೆದಳು.

"ಇಲ್ಲೇನೈತೆ ಮಿಸ್?"

"ಏನೂ ಇಲ್ಲ, ಮುಂದೆ ಓದು."

"ಏನೂ ಇಲ್ದೆ ಯಾಕೆ ಮುಚ್ತಾರೆ?"

"ಅದು... ಅದು ಸ್ವಲ್ಪ ಇದು ಕಣೇ."

ಹೇಳಿದ ಮೇಲೆ ನಾನೇ ಬೆಚ್ಚಿದೆ. ಅದು ನನ್ನ ತಾಯಿಯ ಮಾತು, ಅದೇ ಮೆಲುದನಿ. ಹುಡುಗಿ ನನ್ನ ಮುಖ ನೋಡಿದಳು. ಪುಟ ತಿರುವಿ "ಮನೆ ದಾಟಿದರು ಎಲ್ಲರೂ" ಎಂದು ಓದಿ, ಅಲ್ಲಿಗೇ ಪುಸ್ತಕ ಮುಚ್ಚಿದಳು. ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದಳು. ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಕೊಟ್ಟೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಾಗಿಲಲ್ಲಿ ಬರೀ ಚಪ್ಪಲಿಗಳು. ಜ್ವರವೇನೋ ಎಂದುಕೊಂಡೆ. ಅವಳ ಕ್ಲಾಸಿನ ಹುಡುಗಿಯನ್ನು ಕೇಳಿದರೆ, "ಸ್ಕೂಲಿಗೆ ಬತ್ತಾವ್ಳೆ ಮಿಸ್, ಆದ್ರೆ ಆಟಕ್ಕೆ ಬರಲ್ಲ, ಕೂತೇ ಇರ್ತಾಳೆ" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ನೋವಾಗುವ ಮಾತನ್ನು ನಾನು ಮುಚ್ಚಿಯೇ ಇದ್ದೆನಲ್ಲ, ಮತ್ತೆ ಯಾವುದು ನೋಯಿಸಿತು?

ವಾರವಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಬಂದಳು. ಟವಲಿನಲ್ಲಿ ಸುತ್ತಿದ್ದ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು.

"ಇದ್ರಾಗೆ ಏನ್ ಬರ್ದೈತೆ ಹೇಳಿ ಮೇಡಮ್ಮೋರೆ. ನಂಗೆ ಓದಕ್ಕೆ ಬರಲ್ಲ. ಇದು ಮನೆಗೆ ಬಂದಾಗಿಂದ ನಮ್ ಕೂಸು ಇದ್ನ ತೆಗ್ದೂ ನೋಡಿಲ್ಲ, ಕಾಲು ಬಿಚ್ಚಲ್ಲ ಅಂತದೆ. ಮಲಗೋವಾಗ್ಲೂ ಬಿಚ್ಚಲ್ಲ. ಒಳ್ಗೆ ಹುಣ್ಣಾಗಿ ರಸ ಸೋರ್ತಾ ಐತೆ. ಕೇಳಿದ್ರೆ, ಕಾಲಿಲ್ದಿದ್ದು ಕಂಡೇ ಆ ಹುಡುಗೀನ ಎಲ್ರೂ ಬಿಟ್ಟೋದ್ರು, ಹಂಗಂತ ಇದ್ರಾಗೆ ಬರ್ದೈತೆ, ಅದ್ಕೇ ಮಿಸ್ಸು ಮುಚ್ಚವ್ರೆ ಅಂತದೆ. ಏನ್ ಮುಚ್ಚಿದ್ರಿ ನೀವು?"

"ಅಜ್ಜಿ, ಕೂತ್ಕೊಳ್ಳಿ" ಎಂದೆ.

"ಕೂರಕ್ಕೆ ಬಂದಿಲ್ಲ ಕಣವ್ವ. ಬಿಚ್ಚಿ ತೋರ್ಸಿ."

ಬಟ್ಟೆ ಒದ್ದೆ ಮಾಡಿ ಪಟ್ಟಿಯ ಮೇಲೆ ಇಟ್ಟೆ. ಕಾಗದ ನೆನೆಯುವವರೆಗೆ ಕಾದೆ. ಮೆಲ್ಲಗೆ ಎಳೆದೆ. ಆಫೀಸಿನ ಗೋಂದು ಸಾಮಾನ್ಯವೇ? ಅಕ್ಷರಗಳೂ ಸುಲಿದುಕೊಂಡು ಬಂದವು. ಮೊದಲನೆಯ 'ಕುಂ' ಒಂದು ಉಳಿಯಿತು. ಮಕ್ಕಳ ಕಾಲುಗಳು ಅಲ್ಲಲ್ಲಿ ಕಿತ್ತು ಬಂದರೂ ಹೆಚ್ಚಿನವು ಉಳಿದಿದ್ದವು. ನಾನು ಆ 'ಕುಂ' ನೋಡುತ್ತ ನಿಂತಿದ್ದಾಗ ಅಜ್ಜಿ ಚಿತ್ರದ ಮೇಲೆ ಬಗ್ಗಿದಳು. ಅವಳ ಬೆರಳು ಒಂದೊಂದೇ ಕಾಲನ್ನು ಮುಟ್ಟಿತು.

"ಅಯ್ಯೋ ನಿಮ್ಮ! ಎಲ್ಲಾ ಒಂದ್ ಕಾಲು ಎತ್ಕೊಂಡವ್ರಲ್ಲ! ಇಕಾ, ಇದು ಮನೆ, ಇದು ಮನೆ, ಇದು ಬಿಲ್ಲೆ. ಕುಂಟೆಬಿಲ್ಲೆ ಕಣವ್ವ ಇದು! ಕುಂಟಿ ಕುಂಟಿ ಮನೆ ದಾಟ್ತಾವ್ರೆ!"

ಎರಡೂ ಪುಟ ಒಟ್ಟಿಗೆ ಓದಿದೆ. ಕುಂಟಿ ಕುಂಟಿ, ಮನೆ ದಾಟಿದರು ಎಲ್ಲರೂ. ಎರಡು ಪುಟಕ್ಕೆ ಹರಿದ ಒಂದೇ ವಾಕ್ಯ ಅದು. ಅಲ್ಲಿ ಕುಂಟಿ ಎಂಬುದು ಆ ಹುಡುಗಿಯಲ್ಲ, ಎಲ್ಲರೂ ಮಾಡುತ್ತಿದ್ದ ಕೆಲಸ. ಇನ್ನೊಂದು ಪುಟ ತಿರುವಿದೆ. "ಈಗ ಅವಳ ಸರದಿ" ಎಂದಿತ್ತು. ಎರಡು ಜಡೆಯ ಹುಡುಗಿ ಒಂದೇ ಕಾಲಲ್ಲಿ ಗಾಳಿಯಲ್ಲಿದ್ದಳು. ಆಚೆ ಮರದ ಕೆಳಗಿನವರು ಅವಳಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಓದು ಬಾರದ ಅಜ್ಜಿಗೆ ಒಂದೇ ನೋಟಕ್ಕೆ ಕಂಡದ್ದು, ಇಪ್ಪತ್ತು ವರ್ಷದಿಂದ ಪುಸ್ತಕಗಳ ನಡುವೆ ಕೂತ ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು. ಅದರ ಜೊತೆಗೇ ಆ ಪುಸ್ತಕ ಬರೆದವರ ಮೇಲೆ ಕೋಪವೂ ಬಂತು. ಆ ಶಬ್ದವನ್ನೇ ಯಾಕೆ ಹಾಕಬೇಕಿತ್ತು? ಬೇರೆ ಯಾವ ಶಬ್ದ ಹಾಕಬೇಕಿತ್ತು ಎಂದರೆ, ಆ ಆಟಕ್ಕೆ ಕನ್ನಡದಲ್ಲಿ ಬೇರೆ ಶಬ್ದ ನನಗೂ ಗೊತ್ತಿಲ್ಲ. ಕುಂಟದೆ ಕುಂಟೆಬಿಲ್ಲೆ ಆಡುವುದು ಹೇಗೆ? ಅಮ್ಮ ಅಟ್ಟದ ಮೇಲೆ ನುಂಗಿದ್ದೂ ಈ ಅರ್ಥದ್ದೇ ಇದ್ದಿರಬಹುದೇ? 'ನೀನೂ ಕುಂಟೆಬಿಲ್ಲೆ ಆಡ್ತಿದೀಯಾ' ಎಂದು ಕೇಳಲು ಹೊರಟಿದ್ದಳೇ? ಅವಳಿಲ್ಲ, ಕೇಳುವಂತಿಲ್ಲ.

"ನಡೀರಿ ಅಜ್ಜಿ, ನಾನೂ ಬರ್ತೀನಿ" ಎಂದೆ. ಪೇಪರಿನ ಹಿರಿಯರಿಗೆ ಬೀಗದ ಕೈ ಕೊಟ್ಟೆ.

ಅಂದು ಭಾನುವಾರ, ಶಾಲೆಗೆ ರಜೆ (ನಮ್ಮ ಗ್ರಂಥಾಲಯದ ರಜೆ ಸೋಮವಾರ). ಹುಡುಗಿ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು, ಪಟ್ಟಿ ಬಿಗಿದಿತ್ತು. ಮುಖ ಬಾಡಿತ್ತು. ನನ್ನನ್ನು ಕಂಡು ಲಂಗವನ್ನು ಕೆಳಕ್ಕೆ ಎಳೆದುಕೊಂಡಳು. ಅವಳು ಹಾಗೆ ಎಳೆದುಕೊಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪಕ್ಕದಲ್ಲಿ ಕೂತು ಪುಸ್ತಕ ತೆರೆದು ಅವಳ ತೊಡೆಯ ಮೇಲಿಟ್ಟೆ.

"ಇಲ್ಲಿ ಹರ್ದೋಗೈತೆ" ಎಂದಳು. "ಏನಿತ್ತು?"

"ಅದು ಸ್ವಲ್ಪ..." ಎಂದೆ. ಅಜ್ಜಿ ಹಿಂದಿನಿಂದ ದುರುಗುಟ್ಟಿ ನೋಡುತ್ತಿದ್ದಳು.

"ಕುಂಟಿ" ಎಂದೆ. ಐವತ್ತು ವರ್ಷದಲ್ಲಿ ಮೊದಲ ಸಲ. "ಕುಂಟಿ ಕುಂಟಿ ಅಂತ ಇತ್ತು. ನನ್ನನ್ನ ಚಿಕ್ಕವಳಿದ್ದಾಗ ಹಾಗೆ ಕರೀತಿದ್ರು. ಅದನ್ನೇ ಬರೆದಿದಾರೆ ಅಂದ್ಕೊಂಡು ಮುಚ್ಚಿದೆ. ನಿನ್ನ ಕಾಲು ನೋಡಿ ಮುಚ್ಚಿದ್ದಲ್ಲ ಕಣೇ, ನನ್ನ ಕಾಲಿಗೆ ಹೆದರಿ ಮುಚ್ಚಿದೆ. ತಪ್ಪಾಯ್ತು."

ಅವಳು ಕೇಳಿಸಿಕೊಂಡಳೋ ಇಲ್ಲವೋ. ಬೆರಳು ಆಗಲೇ ಚಿತ್ರದ ಕಾಲುಗಳ ಮೇಲಿತ್ತು. "ಕುಂಟಿ... ಕುಂಟಿ..." ಎಂದು ಬಾಯಲ್ಲೇ ಹೇಳಿಕೊಂಡು ಪುಟ ತಿರುವಿದಳು. "ಮನೆ ದಾಟಿದರು ಎಲ್ಲರೂ." ಮತ್ತೆ ಹಿಂದಕ್ಕೆ ತಿರುವಿದಳು, ಮತ್ತೆ ಮುಂದಕ್ಕೆ. ಗಾಳಿಯಲ್ಲಿದ್ದ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. ಅಂಗಳದಲ್ಲಿ ಯಾರೋ ಬರೆದ ಮನೆಗಳು ಅರ್ಧ ಅಳಿಸಿಹೋಗಿದ್ದವು. ಅವನ್ನೂ ನೋಡಿದಳು. ಕೊನೆಗೆ ಅವಳ ಕಣ್ಣು ನನ್ನ ದಪ್ಪ ಅಟ್ಟೆಯ ಬೂಟಿನ ಮೇಲೆ ಬಂದು ನಿಂತಿತು.

"ಮಿಸ್, ನೀವೂ ಕುಂಟ್ತೀರಾ?"

ನನ್ನ ನಡಿಗೆಯನ್ನು ಕೇಳಿದಳೋ, ಆಟಕ್ಕೆ ಕರೆದಳೋ ನನಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.

"ಹೂಂ ಕಣೇ" ಎಂದೆ. "ಕುಂಟ್ತೀನಿ."

ಅವಳು ಬಗ್ಗಿ ಕಾಲಿನ ಪಟ್ಟಿ ಬಿಚ್ಚತೊಡಗಿದಳು.